ಅಮ್ಮನ ಲೋಯರ್ ಬರ್ತೂ ವೆನಿಸ್ ಟ್ರೈನೂ

2023ರ ಮೇ ತಿಂಗಳಲ್ಲಿ ವಿಯೆನ್ನಾದಿಂದ ವೆನಿಸ್‌ಗೆ ರಾತ್ರಿ ಟ್ರೈನಲ್ಲಿ ಹೋಗೋಣ ಅಂದಿದ್ದು ನಾನೇ, ಒಂದು ರಾತ್ರಿ ಹೋಟೆಲ್ ದುಡ್ಡು ಉಳಿಯುತ್ತಲ್ಲ ಅಂತ. ನಾವು ಐದು ಜನ, ನಾನು, ಹೆಂಡ್ತಿ, ಹನ್ನೊಂದು ವರ್ಷದ ಮಗಳು, ಆರರ ಮಗ, ಜೊತೆಗೆ ಅಮ್ಮ. ಅಮ್ಮಂಗೆ ಮಂಡಿನೋವು. ಹೊಸಪೇಟೆಯವಳು, ಹಂಪಿ ಎಕ್ಸ್‌ಪ್ರೆಸ್ಸಲ್ಲೇ ಆಯಸ್ಸು ಕಳೆದೋಳು, ವಿಷಯ ಹೇಳಿದ ತಕ್ಷಣ ಕೇಳಿದ್ದು ಒಂದೇ, "ಕೆಳಗಿನ ಬರ್ತ್ ಸಿಗ್ತೈತೇನೋ?"

ಆಸ್ಟ್ರಿಯಾ ರೈಲ್ವೆಯವರ ನೈಟ್‌ಜೆಟ್ ಅದು. 2016ರಲ್ಲಿ ಜರ್ಮನಿಯವರು ತಮ್ಮ ರಾತ್ರಿ ಟ್ರೈನು ಸಾಕು ಅಂತ ಕೈಬಿಟ್ಟಾಗ ಇವರು ಕೆಲವು ರೂಟು ತಗೊಂಡು ಶುರು ಮಾಡಿದ್ದಂತೆ. ಅದರಲ್ಲಿ ಮೂರು ಥರ: ಬರೀ ಸೀಟು, ಬರೀ ಬರ್ತಿರೋ ಕುಶೆಟ್, ಪುಟ್ಟ ಬೆಡ್‌ರೂಮಿನ ಥರದ ಸ್ಲೀಪರ್. ನಾನು "ಸ್ಲೀಪರ್ ನೋಡ್ತಿದೀನಮ್ಮ" ಅಂದ್ರೆ ಅಮ್ಮನ ಮುಖ ಸಣ್ಣದಾಯ್ತು, "ಅಷ್ಟು ದೂರ ಹೋಗಿ ಸ್ಲೀಪರಾ, ಎಸಿ ಮಾಡ್ಸೋ." ಅಲ್ಲಿ ಸ್ಲೀಪರೇ ಎಲ್ಲಕ್ಕಿಂತ ದುಬಾರಿ ಅಂತ ಅರ್ಥ ಮಾಡ್ಸೋಕೆ ಅರ್ಧ ಗಂಟೆ ಬೇಕಾಯ್ತು.

ಸ್ಲೀಪರ್ ರೂಮಲ್ಲಿ ಒಂದು, ಎರಡು ಇಲ್ಲಾ ಮೂರು ಬೆಡ್ಡು, ಒಂದರ ಮೇಲೊಂದು, ರೂಮೊಳಗೇ ಕೈ ತೊಳೆಯೋ ಸಿಂಕು, ಟವೆಲ್ಲು. ಡೀಲಕ್ಸ್ ತಗೊಂಡ್ರೆ ಶವರ್ರೂ ಟಾಯ್ಲೆಟ್ಟೂ ಒಳಗೇ. ಹೆಂಡ್ತಿ ಮನಸ್ಸು ಅಲ್ಲೇ ಇತ್ತು. ಆದ್ರೆ ಐದು ಜನಕ್ಕೆ ಮೂರರದ್ದೊಂದು ಎರಡರದ್ದೊಂದು ಅಂತ ಎರಡು ರೂಮು ಬೇಕು, ಯಾರ ಜೊತೆ ಯಾರು ಮಲಗೋದು ಅಂತ ಶುರುವಾಯ್ತು ನೋಡಿ, ಮಗ ಅಜ್ಜಿ ಬಿಡಲ್ಲ, ಮಗಳು ಅವಳಮ್ಮನ ಬಿಡಲ್ಲ, ಅಜ್ಜಿ ಗೊರಕೆಗೆ ಯಾರೂ ರೆಡಿ ಇಲ್ಲ, ಮೂರು ದಿನ ಊಟದ ಹೊತ್ತಿಗೆ ಇದೇ ಚರ್ಚೆ.

ಕೊನೆಗೆ ಆರು ಬರ್ತಿನ ಕುಶೆಟ್ ಕಂಪಾರ್ಟ್‌ಮೆಂಟ್ ಪೂರ್ತಿ ನಮಗೇ ಬುಕ್ ಮಾಡ್ದೆ. ಎರಡು ಸ್ಲೀಪರ್ ರೂಮಿಗಿಂತ ಕಮ್ಮಿ ದುಡ್ಡು. ನಮ್ಮ ತ್ರೀ ಟಯರ್ ಥರಾನೇ ಆ ಕಡೆ ಮೂರು ಈ ಕಡೆ ಮೂರು, ಆದ್ರೆ ಬಾಗಿಲಿದೆ, ಒಳಗಿಂದ ಲಾಕ್ ಹಾಕ್ಕೋಬಹುದು, ಸೈಡ್ ಬರ್ತ್ ಅನ್ನೋ ಶಿಕ್ಷೆ ಇಲ್ಲ. ಸಿಂಕಿಲ್ಲ, ಟಾಯ್ಲೆಟ್ ಬೋಗಿ ತುದೀಲಿ. ಹೆಂಡ್ತಿ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ.

ವಿಯೆನ್ನಾದಲ್ಲಿ ಎಡವಟ್ಟು ಮಾಡಿದ್ದು ನಾನು. ಪ್ಲಾಟ್‌ಫಾರ್ಮ್ ಮೇಲೆ ಎ, ಬಿ, ಸಿ ಅಂತ ಬೋರ್ಡ್ ಇರುತ್ತೆ, ಯಾವ ಬೋಗಿ ಎಲ್ಲಿ ನಿಲ್ಲುತ್ತೆ ಅಂತ ಸ್ಕ್ರೀನಲ್ಲೂ ತೋರಿಸ್ತಾರೆ, ನಾನು ನೋಡದೆ ಎಲ್ಲರನ್ನೂ ಬೇರೆ ತುದೀಲಿ ನಿಲ್ಸಿದ್ದೆ. ಅಲ್ಲಿ ಯಾವುದೋ ಬೋಗಿ ಹತ್ತಿ ಒಳಗೇ ನಡ್ಕೊಂಡು ಹೋಗೋಣ ಅನ್ನೋ ಹಾಗಿಲ್ಲ, ನಡುರಾತ್ರಿ ಕೆಲವು ಟ್ರೈನುಗಳನ್ನ ಬಿಚ್ಚಿ ಒಂದೊಂದು ತುಂಡು ಒಂದೊಂದು ಊರಿಗೆ ಕಳಿಸ್ತಾರೆ. ನಾಲ್ಕು ಸೂಟ್‌ಕೇಸು, ಚಪಾತಿ ಡಬ್ಬಿ, ಅಮ್ಮನ ಊರುಗೋಲು, ಎಲ್ಲಾ ಹೊತ್ಕೊಂಡು ಓಡಿದ್ವಿ. "ರೀ, ಆ ಸ್ಕ್ರೀನ್ ನೋಡೋಕೇನಾಗಿತ್ತು?" ಹೆಂಡ್ತಿ ಮತ್ತೆ ಮಾತಾಡೋಕೆ ಶುರು ಮಾಡಿದ್ದು ಹೀಗೆ.

ಒಳಗೆ ತೆಳ್ಳನೆ ಬೆಡ್‌ಶೀಟು, ದಿಂಬು, ಹೊದಿಕೆ ಇಟ್ಟಿದ್ರು. ಸೂಟ್‌ಕೇಸ್‌ಗೆ ಜಾಗ ಕಮ್ಮಿ, ಉಳಿದ ಆರನೇ ಬರ್ತ್ ಮೇಲೆ ಎರಡು ಹೇರಿದ್ವಿ, ಆ ಬರ್ತ್ ದುಡ್ಡು ಅಲ್ಲೇ ವಸೂಲು. ಅಟೆಂಡೆಂಟ್ ಬಂದು ಬೆಳಿಗ್ಗೆ ಕಾಫಿನಾ ಟೀನಾ ಕೇಳ್ಕೊಂಡು ಹೋದ್ರು. ಅಮ್ಮ ಟಾಯ್ಲೆಟ್‌ಗೆ ಹೋಗಿ ಬಂದು "ಬರೀ ಕಾಗದ ಐತೋ" ಅಂತ ಪಿಸುಗುಟ್ಟಿ ನನ್ನ ನೀರಿನ ಬಾಟ್ಲಿ ತಗೊಂಡು ವಾಪಸ್ ಹೋದ್ಲು. ಮಲಗೋ ಮುಂಚೆ ಬಾಗಿಲ ಚಿಲಕ ಎರಡು ಸಲ ಎಳೆದು ನೋಡಿ, ತಲೆ ಎಣಿಸಿ, ಆಮೇಲೆ ಲೈಟ್ ಆರಿಸಿದ್ಲು. ಮೇಲಿನ ಬರ್ತಲ್ಲಿ ಮಗಳು ಮೊಣಕಾಲು ಮಡಚೋಕಾಗದೆ ಗೊಣಗ್ತಿದ್ಲು. ಅದೇ ಡಿಸೆಂಬರಲ್ಲಿ ಒಬ್ಬೊಬ್ಬರಿಗೆ ಪುಟ್ಟ ಗೂಡಿನ ಥರ ಕ್ಯಾಬಿನ್ ಇರೋ ಹೊಸ ನೈಟ್‌ಜೆಟ್ ಬಂತು, ಆ ವಿಡಿಯೋ ನನಗೆ ಈಗ್ಲೂ ಕಳಿಸ್ತಾ ಇರ್ತಾಳೆ.

ಬೆಳಿಗ್ಗೆ ಎರಡು ಬನ್ನು, ಬೆಣ್ಣೆ, ಜ್ಯಾಮು ಬಂತು. ಅಮ್ಮ ಬನ್ನು ಬಿಡಿಸಿ ಒಳಗೆ ಚಟ್ನಿಪುಡಿ ಹಾಕಿ ಮಗನಿಗೆ ಕೊಡ್ತಿದ್ಲು, ಅಷ್ಟರಲ್ಲಿ ಟ್ರೈನು ವೆನಿಸ್‌ಗೆ ಮುಂಚಿನ ಮೆಸ್ತ್ರೆ ಸ್ಟೇಷನ್ ಬಿಟ್ಟು ಸಮುದ್ರದ ಸೇತುವೆ ಹತ್ತಿತು, ಎರಡೂ ಕಡೆ ನೀರೇ ನೀರು. ಮಕ್ಕಳು ಕಾರಿಡಾರ್ ಕಿಟಕಿಗೆ ಓಡಿದ್ರು. ಅಮ್ಮ ಕೂತಲ್ಲಿಂದಲೇ ಕಿಟಕಿಗೆ ಹಣೆ ಒತ್ತಿ ನೋಡಿದ್ಲು.

"ನಮ್ ಡ್ಯಾಮ್ ತುಂಬ್ದಂಗೈತಲ್ಲೋ!"