ಓರೆ ಗೆರೆ

12 ಆಗಸ್ಟ್ 2024, ಸೋಮವಾರ
ಹೈದರಾಬಾದ್, ಹಾಸ್ಟೆಲ್ ರೂಮು

ಇವತ್ತು ಸಮಾಜಶಾಸ್ತ್ರದ ಕ್ಲಾಸಿನಲ್ಲಿ ಅವರವರ ಮನೆಯ ವಂಶವೃಕ್ಷ ಬರೆಯಲು ಹೇಳಿದರು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಗಂಡ ಹೆಂಡತಿ ನಡುವೆ ಜೋಡಿ ಗೆರೆ. ಪಕ್ಕದವರ ಹಾಳೆಗಳಲ್ಲಿ ಆ ಗೆರೆ ನೆಟ್ಟಗಿತ್ತು. ನನ್ನದು ಓರೆ. ಅಪ್ಪ ಮೇಲಿನ ಸಾಲಿನಲ್ಲಿ, ಅಮ್ಮ ಕೆಳಗಿನ ಸಾಲಿನಲ್ಲಿ. ಅಪ್ಪ ಅಮ್ಮನಿಗೆ ಸೋದರಮಾವ, ನಮ್ಮಜ್ಜಿಯ ಕೊನೇ ತಮ್ಮ.

ಹರಿಯಾಣದ ರೋಹ್ತಕ್ ಕಡೆಯ ಗೆಳತಿ ನೋಡಿ, "ತಪ್ಪು ಬರೆದಿದ್ದೀಯ" ಅಂದಳು. ಇಲ್ಲ, ಸರಿಯಾಗಿದೆ ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಅವರಲ್ಲಿ ಅಮ್ಮನ ಗೋತ್ರದಲ್ಲೂ ಹೆಣ್ಣು ತರುವುದಿಲ್ಲ. ಒಂದೇ ಊರಿನ ಹುಡುಗ ಹುಡುಗಿ ಅಂದರೆ ಅಣ್ಣ ತಂಗಿ. ಮಾವನಂತೂ ಅಪ್ಪನಿಗೆ ಸಮ. ನನಗೆ ಅಳು ಬರುವಂತಾಯಿತು. ಹಿರಿಯೂರಿನ ನಮ್ಮ ಮನೆಯಲ್ಲಿ ಇದನ್ನು ಯಾರೂ ಯಾವತ್ತೂ ವಿಶೇಷ ಅಂದುಕೊಂಡಿಲ್ಲ. ಹಿಂದಿನ ಬೆಂಚಿನ ವರಂಗಲ್ ಹುಡುಗ ಮಾತ್ರ "ನಮ್ಮಲ್ಲೂ ಮೇನರಿಕಂ ಇದೆ" ಅಂದ. ಸೋದರಸಂಬಂಧದ ಮದುವೆಗೆ ತೆಲುಗಿನಲ್ಲಿ ಹಾಗನ್ನುತ್ತಾರೆ. ಆ ಒಂದು ಮಾತಿಗೆ ಎಷ್ಟು ಧೈರ್ಯ ಬಂತು!

ಮೇಡಂ ಯಾರದ್ದು ಸರಿ ಅಂತ ಹೇಳಲಿಲ್ಲ. ನನ್ನನ್ನು ಒಂದು ಪ್ರಶ್ನೆ ಕೇಳಿದರು: "ಅಮ್ಮನ ತಮ್ಮನಿಗೆ ಕನ್ನಡದಲ್ಲಿ ಏನಂತೀರಿ? ಗಂಡನ ಅಪ್ಪನಿಗೆ?" ಎರಡಕ್ಕೂ ಮಾವ. ಅಪ್ಪನ ಅಕ್ಕ ಅತ್ತೆ, ಗಂಡನ ಅಮ್ಮನೂ ಅತ್ತೆ. ಚಿಕ್ಕಪ್ಪನ ಮಗ ಅಣ್ಣ, ಆದರೆ ಮಾವನ ಮಗ ಭಾವ. ಅಂದರೆ ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಅನ್ನುವುದು ಕರೆಯುವ ಹೆಸರಿನಲ್ಲೇ ಕೂತಿದೆ! ಇಪ್ಪತ್ತೆರಡು ವರ್ಷ ಈ ಮಾತುಗಳನ್ನು ಆಡಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ. ಹಿಂದಿಯಲ್ಲಿ ಮಾಮಾ ಬೇರೆ, ಸಸುರ್ ಬೇರೆ. ಮಾಮಾನ ಮಗನೂ ಭಾಯಿ, ಚಾಚಾನ ಮಗನೂ ಭಾಯಿ. ಗೆಳತಿ ಬೆಚ್ಚಿಬಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವಳ ಕಿವಿಗೆ ಅದು ಅಣ್ಣ ತಂಗಿಯ ಮದುವೆಯ ಹಾಗೇ ಕೇಳುತ್ತದೆ, ಅಲ್ವಾ?

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ಉತ್ತರ, ದಕ್ಷಿಣದ ಈ ವ್ಯತ್ಯಾಸವನ್ನು ವಿವರವಾಗಿ ಬರೆದಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವುದು ನಿಷೇಧದ ಪಟ್ಟಿಯಲ್ಲಿದೆ. ರೂಢಿ ಇದ್ದರೆ ಮಾತ್ರ ಬಿಡುವು. ಅಂದರೆ ಕಾನೂನಿಗೂ ನಮ್ಮ ಮನೆ ಒಂದು ವಿನಾಯಿತಿ. ಇದನ್ನು ಓದಿ ಬೇಜಾರಾಯಿತು.

ಮಧ್ಯಾಹ್ನ ಮೆಸ್ಸಿನಲ್ಲಿ ಗೆಳತಿಯ ಜೊತೆ ಜೋರಾಗಿಯೇ ವಾದಿಸಿದೆ. ನಿಮ್ಮಲ್ಲಿ ಹುಡುಗಿ ಗುರುತೇ ಇಲ್ಲದ ಊರಿಗೆ, ಗುರುತೇ ಇಲ್ಲದವರ ಮನೆಗೆ ಹೋಗಬೇಕು. ನಮ್ಮಮ್ಮ ಹೋದದ್ದು ತನ್ನ ಅಜ್ಜಿ ಮನೆಗೇ. ಅವಳ ಅತ್ತೆ ಅಂದರೆ ಅವಳನ್ನು ಎತ್ತಿ ಆಡಿಸಿದ ಅಜ್ಜಿಯೇ. ಅದು ಎಷ್ಟು ನೆಮ್ಮದಿ! ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಕೆಲವು ಕಾಯಿಲೆಗಳ ಸಾಧ್ಯತೆ ಜಾಸ್ತಿ ಅನ್ನುವುದು ಗೊತ್ತಿದ್ದೂ ಆ ಮಾತನ್ನು ಎತ್ತಲಿಲ್ಲ. ಅವಳು ಸುಮ್ನೆ ಕೇಳಿಸಿಕೊಂಡಳು. ಆಮೇಲೆ "ನಿಮ್ಮಮ್ಮ ಹೀಗೆ ಹೇಳಿದರಾ?" ಅಂದಳು.

ಅಮ್ಮ ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ.

ರಾತ್ರಿ ಫೋನ್ ಮಾಡಿ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ತೊಟ್ಟಿಲಲ್ಲಿ ಹಾಕಿದಾಗಲೇ ನಮ್ಮಮ್ಮನ ತಮ್ಮನಿಗೇ ಕೊಡೋದು ಅಂದಿದ್ರಂತೆ ಕಣೇ. ನಾನು ಟಿ.ಸಿ.ಎಚ್., ಅದೇ ಟೀಚರ್ ಟ್ರೈನಿಂಗ್, ಮಾಡಬೇಕು ಅಂತಿದ್ದೆ. ಗುರುತಿನ ಮನೆ ಅಲ್ವಾ, ಬೇಡ ಅಂತ ಹೇಳೋಕೂ ಬಾಯಿ ಬರಲಿಲ್ಲ."

ನಿಮ್ಮಪ್ಪ ಒಳ್ಳೆಯವರೇ ಅಂತಲೂ ಸೇರಿಸಿದಳು. ಅದು ನಿಜ. ಊಟ ಆಯ್ತಾ ಅಂತ ಕೇಳಿದಳು. ಆಯ್ತು ಅಂದೆ. ಆಮೇಲೂ ಇಬ್ಬರೂ ಫೋನ್ ಇಡಲಿಲ್ಲ. ಟಿ.ಸಿ.ಎಚ್. ವಿಷಯ ನನಗೆ ಗೊತ್ತೇ ಇರಲಿಲ್ಲ ಅಂದೆ. ಅವಳು ಯಾವ ಕಾಲೇಜಿಗೆ ಅರ್ಜಿ ತಂದಿದ್ದಳು ಅನ್ನುವುದರಿಂದ ಶುರು ಮಾಡಿದಳು.