ಕಾರಿನ ಕೊಟೇಶನ್: ಚೌಕಾಸಿ ಮಾಡಬೇಕಾದ್ದು ಯಾವ ಸಾಲಿನಲ್ಲಿ?

ಹಾಸನದ ಬಿ.ಎಂ. ರಸ್ತೆಯ ಶೋರೂಮುಗಳಿಗೆ ಬರುವವರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: "ಕೊನೆಗೆ ಎಷ್ಟು ಬಿಡ್ತೀರಾ ಸಾರ್?" ಕೊಟೇಶನ್ ಹಾಕುವ ಕೆಲಸದಲ್ಲಿರುವ ನಮಗೆ ಇದಕ್ಕೆ ಉತ್ತರ ಕೊಡುವುದು ಬಹಳ ಸುಲಭ. ಮೇಲಿನ ಸಾಲಿನಲ್ಲಿ ಇಪ್ಪತ್ತು ಸಾವಿರ ಬಿಟ್ಟಿದ್ದೇವೆ ಎಂದು ತೋರಿಸಿ, ಕೆಳಗಿನ ಇನ್ಶೂರೆನ್ಸ್, ಆಕ್ಸೆಸರಿ, ಲೋನು, ಹಳೆ ಕಾರಿನ ಲೆಕ್ಕದಲ್ಲಿ ಅಷ್ಟನ್ನೂ ವಾಪಸ್ ಪಡೆಯಲು ದಾರಿಯಿದೆ. ಗ್ರಾಹಕರು ಖುಷಿಯಿಂದ ಹೋಗುತ್ತಾರೆ, ಶೋರೂಮಿಗೂ ನಷ್ಟವಿಲ್ಲ. ಆದ್ದರಿಂದ ಕೊಳ್ಳುವವರು ಹಾಳೆಯ ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಹಿಡಿದು ಮಾತಾಡಬೇಕು. ಆ ಹಾಳೆಯಲ್ಲಿ ಏನೇನಿರುತ್ತದೆ, ಎಲ್ಲಿ ಜಗ್ಗುತ್ತದೆ, ಎಲ್ಲಿ ಜಗ್ಗುವುದಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕಕ್ಕೆ ಎಕ್ಸ್‌ಶೋರೂಮ್ 9,60,000 ರೂಪಾಯಿಯ ಒಂದು ಪೆಟ್ರೋಲ್ ಕಾರು ತೆಗೆದುಕೊಳ್ಳೋಣ. ಎಕ್ಸ್‌ಶೋರೂಮ್ ಬೆಲೆಯನ್ನು ನಿಗದಿ ಮಾಡುವುದು ಕಂಪನಿ. ಅದರಲ್ಲಿ ಜಿಎಸ್‌ಟಿ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ, ಅಂದರೆ ನಾಲ್ಕು ಮೀಟರಿನೊಳಗಿನ 1200 ಸಿಸಿವರೆಗಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಕಾರುಗಳಿಗೆ, ಶೇ 18 ಜಿಎಸ್‌ಟಿ. ಅದಕ್ಕಿಂತ ದೊಡ್ಡವಕ್ಕೆ ಶೇ 40, ಎಲೆಕ್ಟ್ರಿಕ್‌ಗೆ ಶೇ 5. ನೆಂಟರು ಅದಕ್ಕಿಂತ ಹಿಂದೆ ತೆಗೆದುಕೊಂಡ ಕಾರಿನ ಬೆಲೆಯನ್ನು ಇಟ್ಟುಕೊಂಡು ಇಂದಿನ ಕೊಟೇಶನ್ ಅಳೆಯಬೇಡಿ. ಕಂಪನಿಯ ಜಾಲತಾಣದಲ್ಲಿ ಊರು ಆರಿಸಿದರೆ ಆ ದಿನದ ಎಕ್ಸ್‌ಶೋರೂಮ್ ಬೆಲೆ ಸಿಗುತ್ತದೆ. ಕೊಟೇಶನ್ನಿನ ಮೊದಲ ಸಾಲು ಅದಕ್ಕೆ ರೂಪಾಯಿ ರೂಪಾಯಿ ತಾಳೆಯಾಗಬೇಕು.

ಈ ಬೆಲೆಯ ಮೇಲೆ ಸಿಗುವ ರಿಯಾಯಿತಿಯ ಮೂಲ ಎರಡು. ಒಂದು, ಕಂಪನಿ ಪ್ರತಿ ತಿಂಗಳೂ ಡೀಲರ್‌ಗೆ ಕಳಿಸುವ ಸ್ಕೀಮ್: ನಗದು ರಿಯಾಯಿತಿ, ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ಅಥವಾ ಗ್ರಾಮೀಣ ಆಫರ್, ಹಳೆ ಗ್ರಾಹಕರಿಗೆ ಲಾಯಲ್ಟಿ. ಇನ್ನೊಂದು, ಡೀಲರ್ ತನ್ನ ಲಾಭದಿಂದ ಬಿಡುವುದು. ಆ ಲಾಭ ಸಾಮಾನ್ಯವಾಗಿ ಎಕ್ಸ್‌ಶೋರೂಮ್ ಬೆಲೆಯ ಶೇ 3ರಿಂದ 5ರ ಆಸುಪಾಸು. ನಮ್ಮ ಉದಾಹರಣೆಯಲ್ಲಿ ಶೇ 4 ಎಂದರೆ 38,400. ಬಾಡಿಗೆ, ಸಂಬಳ, ಸ್ಟಾಕ್ ಮೇಲಿನ ಬಡ್ಡಿ ಎಲ್ಲವೂ ಇದರಲ್ಲೇ ಆಗಬೇಕು. ಹಾಗಾಗಿ ವೇಟಿಂಗ್ ಇರುವ ಕಾರಿಗೆ ಡೀಲರ್ ಕಡೆಯಿಂದ ಒಂದು ಲಕ್ಷ ಬಿಡಿ ಎಂದು ಪಟ್ಟು ಹಿಡಿದರೆ ಇಬ್ಬರ ಸಮಯವೂ ಹಾಳು. ಕೇಳುವುದನ್ನು ಎರಡು ಪ್ರಶ್ನೆ ಮಾಡಿ ಕೇಳಿ: "ಈ ತಿಂಗಳು ಕಂಪನಿ ಸ್ಕೀಮ್ ಏನೇನಿದೆ? ಅದರ ಮೇಲೆ ನಿಮ್ಮ ಕಡೆಯಿಂದ ಎಷ್ಟು?" ಎರಡನ್ನೂ ಸೇರಿಸಿ ಒಂದೇ ಮೊತ್ತ ಹೇಳಿದರೆ, ಕಂಪನಿಯ ಹಣವನ್ನೇ ಡೀಲರ್ ತನ್ನದೆಂದು ಕೊಡುತ್ತಿದ್ದಾನೋ ಏನೋ ನಿಮಗೆ ಗೊತ್ತಾಗುವುದಿಲ್ಲ.

ಕಾರ್ಪೊರೇಟ್ ಆಫರನ್ನು ಬಹಳ ಜನ ಕೇಳದೆಯೇ ಬಿಟ್ಟುಬಿಡುತ್ತಾರೆ. ಸರ್ಕಾರಿ ನೌಕರರು, ಶಿಕ್ಷಕರು, ಬ್ಯಾಂಕಿನವರು, ಕೆಲವು ಕಂಪನಿಗಳಲ್ಲಿ ರೈತರು ಕೂಡ ಇದಕ್ಕೆ ಬರುತ್ತಾರೆ. ಗುರುತಿನ ಚೀಟಿ, ಸಂಬಳದ ಚೀಟಿ ಅಥವಾ ಪಹಣಿ ಬೇಕಾಗುತ್ತದೆ. ದಾಖಲೆಯನ್ನು ಬಿಲ್ ಆಗುವ ಮೊದಲೇ ಕೊಡಬೇಕು. ಬಿಲ್ ಆದಮೇಲೆ ತಂದರೆ ಕಂಪನಿಯಿಂದ ಡೀಲರ್‌ಗೆ ಆ ಹಣ ವಾಪಸ್ ಬರುವುದು ಕಷ್ಟ, ನಿಮಗೂ ಸಿಗುವುದಿಲ್ಲ.

ರಿಯಾಯಿತಿ ನಿಜವಾಗಿ ಅಂಟಿಕೊಂಡಿರುವುದು ಮಾಡೆಲ್‌ಗಲ್ಲ, ಯಾರ್ಡಿನಲ್ಲಿ ನಿಂತಿರುವ ಒಂದೊಂದು ಕಾರಿಗೆ. ಡೀಲರ್ ಕಾರುಗಳನ್ನು ಸಾಲದ ಹಣದಲ್ಲಿ ತರಿಸಿ ನಿಲ್ಲಿಸಿರುತ್ತಾನೆ. ನಿಂತಷ್ಟು ದಿನ ಬಡ್ಡಿ ಓಡುತ್ತದೆ. ಮೂರು ತಿಂಗಳು ದಾಟಿದ, ಓಡದ ಬಣ್ಣದ, ಓಡದ ವೇರಿಯಂಟಿನ ಕಾರನ್ನು ಹೊರಗೆ ಕಳಿಸಲು ಸೇಲ್ಸ್ ಮ್ಯಾನೇಜರ್ ಕಾಯುತ್ತಿರುತ್ತಾರೆ. ಬಣ್ಣದಲ್ಲಿ ಎರಡು ಆಯ್ಕೆ ಇಟ್ಟುಕೊಂಡು "ಸ್ಟಾಕ್‌ನಲ್ಲಿ ಯಾವುದಿದೆ, ಯಾವ ತಿಂಗಳು ತಯಾರಾದದ್ದು?" ಎಂದು ಕೇಳಿ. ತಯಾರಿಕೆಯ ತಿಂಗಳು ಮತ್ತು ವರ್ಷ ಸೇಲ್ ಸರ್ಟಿಫಿಕೇಟ್ ಆದ ಫಾರ್ಮ್ 21ರಲ್ಲೂ ಆರ್‌ಸಿಯಲ್ಲೂ ಬರುತ್ತದೆ. ಮುಂದೆ ಮಾರುವಾಗ ಲೆಕ್ಕಕ್ಕೆ ಬರುವುದೂ ಅದೇ. ಕಳೆದ ವರ್ಷ ತಯಾರಾದ ಕಾರನ್ನು ಜನವರಿ, ಫೆಬ್ರವರಿಯಲ್ಲಿ ಕೊಂಡರೆ ಮಾರುವ ದಿನ ಒಂದು ವರ್ಷ ಹಳೆಯದಾಗಿ ಕಾಣುತ್ತದೆ. ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವವರಿಗೆ ಇದು ಒಳ್ಳೆಯ ವ್ಯಾಪಾರ, ನಾಲ್ಕು ವರ್ಷಕ್ಕೆ ಬದಲಿಸುವವರಿಗೆ ಅಲ್ಲ.

ಹೊತ್ತಿನ ವಿಷಯ. ತಿಂಗಳ ಕೊನೆಯ ವಾರ ಟಾರ್ಗೆಟ್ ಒತ್ತಡ ಇರುತ್ತದೆ. ಒಂದೆರಡು ಕಾರು ಕಡಿಮೆ ಬಿದ್ದರೆ ಇಡೀ ತಿಂಗಳ ಇನ್ಸೆಂಟಿವ್ ಕೈತಪ್ಪುವ ಸಂದರ್ಭದಲ್ಲಿ ಮ್ಯಾನೇಜರ್ ಕೈ ಸಡಿಲವಾಗುತ್ತದೆ. ಮಾರ್ಚ್ ಮತ್ತು ಡಿಸೆಂಬರಿನಲ್ಲಿ ಇನ್ನೂ ಹೆಚ್ಚು. ನಮ್ಮ ಕಡೆ ಇವಕ್ಕಿಂತ ಒಳ್ಳೆಯ ಕಾಲ ಆಷಾಢ. ಹೊಸ ಗಾಡಿ ಮನೆಗೆ ತರಬಾರದು ಎಂದು ಜನ ಬರುವುದಿಲ್ಲ, ಡೀಲರ್‌ಗೆ ಮಾತ್ರ ಟಾರ್ಗೆಟ್ ಇದ್ದೇ ಇರುತ್ತದೆ. ಆಷಾಢ ಬೇಡವೆನ್ನುವವರು ಆಷಾಢದ ಕೊನೆಯಲ್ಲಿ ಬಿಲ್ ಮಾಡಿಸಿ ಶ್ರಾವಣದಲ್ಲಿ ಗಾಡಿ ಒಯ್ಯುವುದೂ ಉಂಟು. ಸ್ಕೀಮ್ ಸಿಗುವುದು ಬಿಲ್ ತಾರೀಕಿನ ಲೆಕ್ಕದಲ್ಲಿ. ಹಾಗೆ ಮಾಡಿದರೆ ಒಯ್ಯುವವರೆಗೆ ಗಾಡಿಯ ಜವಾಬ್ದಾರಿ ಶೋರೂಮಿನದು ಎಂದು ಬರೆಸಿಕೊಳ್ಳಿ. ಅದಕ್ಕೆ ತದ್ವಿರುದ್ಧ ಆಯುಧಪೂಜೆ, ದೀಪಾವಳಿ, ಯುಗಾದಿ. ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದು ಊರೇ ತುಂಬಿರುವಾಗ ಶೋರೂಮಿನಲ್ಲಿ ಒಬ್ಬ ಸೇಲ್ಸ್ ಹುಡುಗನಿಗೆ ಒಂದೇ ದಿನ ಹಲವು ಡೆಲಿವರಿ ಇರುತ್ತವೆ. ಚೌಕಾಸಿಗೂ ಜಾಗವಿಲ್ಲ, ಗಾಡಿ ನೋಡಿಕೊಳ್ಳಲೂ ಪುರುಸೊತ್ತಿಲ್ಲ. ಮಲೆನಾಡಿನಲ್ಲಿ ಕಾಫಿ ಮಾರಿದ ದುಡ್ಡು ಕೈಗೆ ಬರುವ ತಿಂಗಳುಗಳಲ್ಲೂ ದೊಡ್ಡ ಗಾಡಿಗಳಿಗೆ ಬೇಡಿಕೆ ಏರುತ್ತದೆ.

ಈಗ ರಸ್ತೆ ತೆರಿಗೆ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. 9,60,000ಕ್ಕೆ ತೆರಿಗೆ 1,34,400, ಸೆಸ್ 14,784, ಒಟ್ಟು 1,49,184. ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡ್ 200, ಸಾಲವಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸುವ ಹೈಪೊಥಿಕೇಶನ್‌ಗೆ 1,500. ಇತರ ಸಣ್ಣ ಶುಲ್ಕ ಸೇರಿದರೂ 1,53,000ದ ಆಸುಪಾಸಿನಲ್ಲಿ ಮುಗಿಯಬೇಕು. ಕೊಟೇಶನ್ನಿನಲ್ಲಿ "ಆರ್‌ಟಿಒ 1,62,000" ಎಂದು ಗುಂಡಗೆ ಬರೆದಿದ್ದರೆ ಉಳಿದದ್ದು ಯಾವುದಕ್ಕೆ ಎಂದು ಕೇಳಿ. ಈ ದರಗಳನ್ನು ಸರ್ಕಾರ ಆಗಾಗ ಬದಲಿಸುವುದರಿಂದ ಪರಿವಾಹನ್ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

10 ಲಕ್ಷದ ಗೆರೆಯನ್ನು ಗಮನಿಸಿ. ಅದೇ ಕಾರಿನ ಮೇಲಿನ ವೇರಿಯಂಟ್ 10,20,000 ಇದ್ದರೆ ತೆರಿಗೆ ಮತ್ತು ಸೆಸ್ 1,92,474. ಬೆಲೆಯಲ್ಲಿ ಅರವತ್ತು ಸಾವಿರದ ಅಂತರ, ತೆರಿಗೆಯಲ್ಲೇ ಇನ್ನೂ 43,290. ಅದರ ಜೊತೆಗೆ 10 ಲಕ್ಷ ದಾಟಿದ ಕಾರಿಗೆ ಶೇ 1 ಟಿಸಿಎಸ್ (ಮಾರುವಾಗಲೇ ಡೀಲರ್ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ), ಇಲ್ಲಿ 10,200. ಅಲಾಯ್ ವೀಲು ಮತ್ತು ದೊಡ್ಡ ಸ್ಕ್ರೀನಿಗಾಗಿ ಇಷ್ಟು ಕೊಡಬೇಕೇ ಎಂದು ಮನೆಯಲ್ಲಿ ಕೂತು ಯೋಚಿಸಿ. ಟಿಸಿಎಸ್ ಮಾತ್ರ ನಿಮ್ಮ ಪ್ಯಾನ್ ಹೆಸರಿನಲ್ಲೇ ಜಮೆಯಾಗುವ ಹಣ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಕಾಣುತ್ತದೆ. ಆದಾಯ ತೆರಿಗೆ ರಿಟರ್ನ್ ಹಾಕಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಎಂದು ರಿಟರ್ನ್ ಹಾಕದ ಬೆಳೆಗಾರರು ಈ ಹಣವನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಎಲ್ಲಕ್ಕಿಂತ ಹೆಚ್ಚು ಜಗ್ಗುವ ಸಾಲು ಇನ್ಶೂರೆನ್ಸ್. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ) ಕಡ್ಡಾಯ, ಸ್ವಂತ ಹಾನಿಯ ವಿಮೆ ಒಂದು ವರ್ಷಕ್ಕೆ ಮಾಡಿಸುತ್ತಾರೆ. ಥರ್ಡ್ ಪಾರ್ಟಿ ದರ ಸರ್ಕಾರ ಗೊತ್ತುಮಾಡಿದ್ದು. 2022ರಲ್ಲಿ ಪ್ರಕಟವಾದ ದರದಂತೆ ಮೂರು ವರ್ಷಕ್ಕೆ 1000 ಸಿಸಿವರೆಗೆ 6,521, 1500ರವರೆಗೆ 10,640, ಅದರ ಮೇಲೆ 24,596, ಇದಕ್ಕೆ ಜಿಎಸ್‌ಟಿ ಬೇರೆ. ಇದರಲ್ಲಿ ಚೌಕಾಸಿ ಇಲ್ಲ. ಸ್ವಂತ ಹಾನಿಯ ಭಾಗದಲ್ಲಿ ಮತ್ತು ಹೆಚ್ಚುವರಿ ರಕ್ಷಣೆಯ ಆಡ್‌ಆನ್‌ಗಳಲ್ಲಿ ಇದೆ. ಡೀಲರ್‌ಗೆ ವಿಮೆ ಮಾರಿದ್ದಕ್ಕೆ ಆದಾಯ ಬರುವುದರಿಂದ ಈ ಸಾಲನ್ನು ಸುಲಭವಾಗಿ ಬಿಡುವುದಿಲ್ಲ. "ನಮ್ಮಲ್ಲೇ ಮಾಡಿಸಬೇಕು" ಎಂದು ಒತ್ತಾಯಿಸುವ ಹಕ್ಕು ಡೀಲರ್‌ಗೆ ಇಲ್ಲ. ಎಲ್ಲಿ ಬೇಕಾದರೂ ಮಾಡಿಸಬಹುದು. ಅದೇ ಐಡಿವಿ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ), ಅದೇ ಆಡ್‌ಆನ್ ಇಟ್ಟು ಹೊರಗೆ ಎರಡು ಕೊಟೇಶನ್ ತನ್ನಿ. ಹತ್ತು ಸಾವಿರದಷ್ಟು ವ್ಯತ್ಯಾಸ ಬರುವುದು ಅಪರೂಪವಲ್ಲ. ಅದನ್ನು ಮೇಜಿನ ಮೇಲಿಟ್ಟರೆ ಶೋರೂಮಿನವರೇ ಬಹಳ ಸಲ ಅಷ್ಟಕ್ಕೆ ಇಳಿಸುತ್ತಾರೆ.

ಹೋಲಿಸುವಾಗ ಮೂರು ವಿಷಯ ನೋಡಿ. ಹೊಸ ಕಾರಿನ ಐಡಿವಿ ಎಕ್ಸ್‌ಶೋರೂಮಿನ ಶೇ 95. ಪ್ರೀಮಿಯಂ ಕಡಿಮೆ ತೋರಿಸಲು ಇದನ್ನು ಇಳಿಸಿರಬಾರದು. ಎರಡನೆಯದು, ಆ ವಿಮಾ ಕಂಪನಿಗೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನಿಮ್ಮ ಬ್ರ್ಯಾಂಡಿನ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್ ಇದೆಯೇ? ಬೆಂಗಳೂರಿನಲ್ಲಿ ಮಾತ್ರ ಇದ್ದರೆ ಮೂಡಿಗೆರೆಯವರಿಗೆ ಪ್ರಯೋಜನವಿಲ್ಲ. ಮೂರನೆಯದು, ಹಳೆ ಕಾರಿನ ನೋ ಕ್ಲೇಮ್ ಬೋನಸ್. ಅದು ಶೇ 50ರವರೆಗೂ ಬೆಳೆದಿರಬಹುದು, ಕಾರಿಗಲ್ಲ ಮಾಲೀಕರಿಗೆ ಸೇರಿದ್ದು. ಹಳೆ ಕಾರು ಮಾರಿದ ದಾಖಲೆ ಕೊಟ್ಟು ವಿಮಾ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಹೊಸ ಕಾರಿನ ಸ್ವಂತ ಹಾನಿ ಪ್ರೀಮಿಯಂನಲ್ಲಿ ಅಷ್ಟೂ ಕಡಿತ. ಆಡ್‌ಆನ್‌ಗಳಲ್ಲಿ ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವುದು) ಮೊದಲ ವರ್ಷಗಳಲ್ಲಿ ಇರಲಿ. ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯ ಮಳೆಯಲ್ಲಿ ಓಡಾಡುವವರು ಎಂಜಿನ್ ಪ್ರೊಟೆಕ್ಟ್ ಕೂಡ ಹಾಕಿಸಿ, ನೀರು ನುಗ್ಗಿ ಎಂಜಿನ್ ಹಾಳಾದರೆ ಸಾಮಾನ್ಯ ಪಾಲಿಸಿ ಕೈಕೊಡುತ್ತದೆ. ಕೀ ಕಳೆದರೆ, ಸಾಮಾನು ಕಳೆದರೆ ಎಂಬಂಥವನ್ನು ತೆಗೆಸಬಹುದು. ಮಾಲೀಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆ ಕಡೆ ಈಗಾಗಲೇ ಇದ್ದರೆ ಇಲ್ಲಿ ಮತ್ತೆ ಕಟ್ಟಬೇಕಿಲ್ಲ.

ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್ ಎಂಬ ಸಾಲು ಇದ್ದರೆ ತೆಗೆಸಿ. ಕಾರ್ಖಾನೆಯಿಂದ ಡೀಲರ್‌ವರೆಗಿನ ಸಾಗಣೆ ಎಕ್ಸ್‌ಶೋರೂಮ್‌ನಲ್ಲೇ ಸೇರಿದೆ. ಆಕ್ಸೆಸರಿ ಪ್ಯಾಕ್ ಕಡ್ಡಾಯವಲ್ಲ. ಮ್ಯಾಟ್, ಮಡ್‌ಫ್ಲ್ಯಾಪ್, ಸೀಟ್ ಕವರ್ ಹೊರಗೆ ಅಗ್ಗ. ವೈರ್ ಕತ್ತರಿಸುವ ಕೆಲಸ ಮಾತ್ರ ಹೊರಗೆ ಮಾಡಿಸಿದರೆ ವಾರಂಟಿಗೆ ತೊಂದರೆ. "ಡಿಸ್ಕೌಂಟ್ ಬದಲು ಹದಿನೈದು ಸಾವಿರದ ಆಕ್ಸೆಸರಿ ಫ್ರೀ" ಎಂದರೆ ಒಪ್ಪಬೇಡಿ. ಅದು ಎಂಆರ್‌ಪಿ ಲೆಕ್ಕ, ಡೀಲರ್‌ಗೆ ಬೀಳುವುದು ಅದಕ್ಕಿಂತ ಬಹಳ ಕಡಿಮೆ. ನಗದು ರಿಯಾಯಿತಿಯೇ ಕೇಳಿ. ಎಕ್ಸ್‌ಟೆಂಡೆಡ್ ವಾರಂಟಿ ಒಳ್ಳೆಯದೇ, ಆದರೆ ಕಾರು ಕಂಪನಿಯದ್ದಾಗಿರಲಿ.

ಲೋನಿನಲ್ಲಿ ಒಂದು ಲೆಕ್ಕ ಸಾಕು. 8 ಲಕ್ಷಕ್ಕೆ "ಬರೀ ಶೇ 6 ಫ್ಲಾಟ್" (ಕೊನೆಯವರೆಗೂ ಪೂರ್ತಿ ಅಸಲಿನ ಮೇಲೆ ಬಡ್ಡಿ) ಎಂದು 5 ವರ್ಷಕ್ಕೆ ಹೇಳಿದರೆ ಬಡ್ಡಿ 2,40,000, ಕಂತು 17,333. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಇಳಿಕೆ ಬಾಕಿಯ ಲೆಕ್ಕದಲ್ಲಿ ಇದು ಸುಮಾರು ಶೇ 10.8. ಶೇ 9ರ ಇಳಿಕೆ ಬಡ್ಡಿಗೆ ಕಂತು 16,607 ಮಾತ್ರ. 2024ರ ಅಕ್ಟೋಬರಿನಿಂದ ಸಾಲ ಕೊಡುವವರು ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿ ಬರೆದು ಕೊಡಲೇಬೇಕು. ಅದನ್ನೇ ಕೇಳಿ ಹೋಲಿಸಿ. ನಿಮ್ಮ ಬ್ಯಾಂಕಿನ ಮಂಜೂರಾತಿ ಮೊದಲೇ ಕೈಯಲ್ಲಿದ್ದರೆ ಶೋರೂಮಿನ ಫೈನಾನ್ಸ್ ಮೇಜಿನವರು ದರ ಇಳಿಸುತ್ತಾರೆ.

ಹಳೆ ಕಾರಿನ ಬೆಲೆಯನ್ನು ಹೊಸ ಕಾರಿನ ರೇಟು ಗಟ್ಟಿಯಾದಮೇಲೆ ಎತ್ತಿ. ಮೊದಲೇ ಎತ್ತಿದರೆ ಅಲ್ಲಿ ಹತ್ತು ಸಾವಿರ ಏರಿಸಿ ಇಲ್ಲಿ ಹತ್ತು ಸಾವಿರ ಇಳಿಸದೆ ಇರುತ್ತಾರೆ. ಹೊರಗೆ ಇಬ್ಬರ ಹತ್ತಿರ ಬೆಲೆ ಕಟ್ಟಿಸಿಕೊಂಡು ಹೋಗಿ. ಹೊರಗೆ ಹೆಚ್ಚು ಸಿಕ್ಕರೂ ಎಕ್ಸ್‌ಚೇಂಜ್ ಬೋನಸ್ ಕಳೆದುಕೊಳ್ಳುತ್ತೀರಿ. ಎರಡನ್ನೂ ಕೂಡಿಸಿ ನೋಡಿ. ಕೊಟ್ಟಮೇಲೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಸುಮ್ಮನಾಗಬೇಡಿ. ಡೀಲರ್ ಅಧಿಕೃತ ನೋಂದಣಿ ಇರುವವರಾದರೆ ಗಾಡಿ ಅವರಿಗೆ ಒಪ್ಪಿಸಿದ್ದನ್ನು ಆರ್‌ಟಿಒಗೆ ತಿಳಿಸುವ ಫಾರ್ಮ್ 29ಸಿ ಹಾಕಿಸಿ ಪ್ರತಿ ಇಟ್ಟುಕೊಳ್ಳಿ.

ಮೂರು ಕೊಟೇಶನ್ ಬೇಕು, ಆದರೆ ಮೂರು ಬೇರೆ ಡೀಲರ್‌ಗಳದ್ದು. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗಿ ಇನ್ನೊಂದು ಕೊಟೇಶನ್ ತಂದರೂ ಎರಡೂ ಒಂದೇ ಡೀಲರ್‌ನ ಬ್ರಾಂಚ್ ಆಗಿರಬಹುದು. ಹಾಳೆಯ ಮೇಲಿನ ಸಂಸ್ಥೆಯ ಹೆಸರು, ಜಿಎಸ್‌ಟಿ ನಂಬರ್ ನೋಡಿದರೆ ತಿಳಿಯುತ್ತದೆ. ಹಾಗಿದ್ದರೆ ಮೈಸೂರು, ಶಿವಮೊಗ್ಗ, ತುಮಕೂರಿಗೆ ಫೋನ್ ಮಾಡಿ. ರಾಜ್ಯದೊಳಗೆ ತೆರಿಗೆ ಒಂದೇ, ಅಲ್ಲಿ ಕೊಂಡು ನಿಮ್ಮ ವಿಳಾಸಕ್ಕೆ ಹಾಸನದ ಕೆಎ 13 ಅಥವಾ ಚಿಕ್ಕಮಗಳೂರಿನ ಕೆಎ 18ರಲ್ಲೇ ನೋಂದಾಯಿಸಲು ಅಡ್ಡಿಯಿಲ್ಲ. ರಿಯಾಯಿತಿಯ ಅಧಿಕಾರ ಸೇಲ್ಸ್ ಹುಡುಗನ ಹತ್ತಿರ ಸ್ವಲ್ಪ, ಟೀಮ್ ಲೀಡರ್ ಹತ್ತಿರ ಇನ್ನಷ್ಟು, ಉಳಿದದ್ದು ಮ್ಯಾನೇಜರ್ ಹತ್ತಿರ. ಹುಡುಗನನ್ನು ಗದರಿಸಿ ಉಪಯೋಗವಿಲ್ಲ. "ಇಷ್ಟಕ್ಕೆ ಕೊಟ್ಟರೆ ಇವತ್ತೇ ಬುಕ್ ಮಾಡ್ತೀನಿ, ಮ್ಯಾನೇಜರ್ ಹತ್ರ ಮಾತಾಡಿ" ಎಂದು ನಿಮ್ಮ ಮೊತ್ತ ಹೇಳಿದರೆ ಅವನೇ ನಿಮ್ಮ ಪರ ಒಳಗೆ ಹೋಗಿ ಕೇಳುತ್ತಾನೆ.

ಬುಕಿಂಗ್ ಹಣ ಸಂಸ್ಥೆಯ ಖಾತೆಗೇ ಹೋಗಬೇಕು, ಯಾರದೋ ಫೋನ್ ನಂಬರಿಗಲ್ಲ. ಒಪ್ಪಿದ ರಿಯಾಯಿತಿ, ಉಚಿತ ಎಂದದ್ದು, ಡೆಲಿವರಿ ತಾರೀಕು, ರದ್ದಾದರೆ ಎಷ್ಟು ವಾಪಸ್, ಎಲ್ಲವೂ ಬುಕಿಂಗ್ ಫಾರ್ಮಿನಲ್ಲಿರಲಿ. ಶುಂಠಿ, ಕಾಫಿ ಮಾರಿದ ನಗದು ತರುವವರು ನೆನಪಿಡಿ: 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಡೀಲರ್ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಪೂರ್ತಿ ಹಣ ಕಟ್ಟುವ ಮೊದಲು, ನೋಂದಣಿಗೂ ಮೊದಲು, ನಿಮಗೆ ಹಂಚಿದ ಚಾಸಿಸ್ ನಂಬರಿನ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ಟೈರಿನ ಮೇಲಿನ ನಾಲ್ಕು ಅಂಕಿ ವಾರ ಮತ್ತು ವರ್ಷ ಹೇಳುತ್ತವೆ. ಐದೂ ಟೈರು ಹೆಚ್ಚುಕಡಿಮೆ ಒಂದೇ ಕಾಲದವಾಗಿರಬೇಕು. ಬಂಪರ್, ಬಾಗಿಲಿನ ಅಂಚು, ಬಾನೆಟ್ ಬೋಲ್ಟಿನ ಬಣ್ಣ, ಓಡಿದ ಕಿಲೋಮೀಟರ್ ನೋಡಿ. ನೋಂದಣಿ ಆದಮೇಲೆ ಕಾರು ಬದಲಿಸಿಕೊಡಿ ಎಂದರೆ ಆಗುವ ಮಾತಲ್ಲ.

ಡೆಲಿವರಿಯಾದ ಒಂದೆರಡು ವಾರದಲ್ಲಿ ಆರ್‌ಟಿಒ ತೆರಿಗೆ ರಸೀದಿ, ವಿಮೆಯ ಪಾಲಿಸಿ ಮತ್ತು ಇನ್‌ವಾಯ್ಸ್ ಮೂರನ್ನೂ ಕೂಡಿಸಿ, ನೀವು ಕಟ್ಟಿದ ಹಣದಲ್ಲಿ ಕಳೆಯಿರಿ. ಶೋರೂಮಿನ ಅಕೌಂಟ್ಸ್‌ನವರ ಹತ್ತಿರ ನಿಮ್ಮ ಹೆಸರಿನ ಲೆಡ್ಜರ್ ಪ್ರಿಂಟ್ ಕೇಳಿ. ತೆರಿಗೆಗೆ ಹೆಚ್ಚು ಹಿಡಿದದ್ದು, ತಡವಾಗಿ ಮಂಜೂರಾದ ಎಕ್ಸ್‌ಚೇಂಜ್ ಬೋನಸ್ ಅಲ್ಲಿ ನಿಮ್ಮ ಹೆಸರಿನಲ್ಲೇ ಜಮೆಯಾಗಿ ಕೂತಿರುತ್ತದೆ. ಅರ್ಜಿ ಬರೆದು ಬ್ಯಾಂಕ್ ಖಾತೆಯ ವಿವರ ಕೊಟ್ಟವರಿಗೆ ಹಿಂದಿರುಗುತ್ತದೆ.