ದೊಡ್ಡವರಿಗೆ ‘ನಿಲ್ಲಿಸಿ’ ಅನ್ನೋದು

ಆ ಶನಿವಾರ ಬೆಳಿಗ್ಗೆ ಪಾಠ ಶುರು ಮಾಡಿದ ಎರಡೇ ನಿಮಿಷಕ್ಕೆ ನಾನು ‘ಸತ್ತೆ’.

ಜಾಗ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಹೊರವಲಯದ ಒಂದು ಶೂಟಿಂಗ್ ರೇಂಜ್. ಅದರ ಹಿಂದಿನ ಕ್ಲಾಸ್‌ರೂಮಿನಲ್ಲಿ ನಾವು ಒಂಬತ್ತು ಜನ. ಪಿಸ್ತೂಲು ಹೊಡೆಯುವುದನ್ನು ಕಲಿಯಲು ಬಂದವರಲ್ಲ, ಕಲಿಸುವುದನ್ನು ಕಲಿಯಲು ಬಂದವರು. ಎನ್‌ಆರ್‌ಎ, ಅಂದರೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಇನ್‌ಸ್ಟ್ರಕ್ಟರ್ ಕೋರ್ಸ್ ಅದು. ಇವತ್ತು ಆ ಹೆಸರು ಕೇಳಿದರೆ ಎಲ್ಲರಿಗೂ ಬಂದೂಕಿನ ಹಕ್ಕಿನ ರಾಜಕೀಯವೇ ನೆನಪಾಗುತ್ತದೆ. ಆದರೆ 1871ರಲ್ಲಿ ಅದು ಶುರುವಾದ ಕಾರಣ ಬೇರೆ. ಅಂತರ್ಯುದ್ಧದಲ್ಲಿ ಸೈನಿಕರು ಗುರಿ ತಪ್ಪುತ್ತಿದ್ದದ್ದು ನೋಡಿ ಬೇಸತ್ತ ಇಬ್ಬರು ಸೇನಾಧಿಕಾರಿಗಳು, ಇವರಿಗೆ ಯಾರಾದರೂ ಸರಿಯಾಗಿ ಕಲಿಸಬೇಕಲ್ಲ ಅಂತ ಕಟ್ಟಿದ ಸಂಸ್ಥೆ.

ನನಗೆ ಧೈರ್ಯ ಜಾಸ್ತಿಯೇ ಇತ್ತು. ನಾನು ಕೊಡಗಿನವಳು. ಬೇರೆ ಕಡೆ ಕೋವಿಗೆ ಲೈಸೆನ್ಸ್ ಬೇಕು. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿಂದಾಗಿ ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಬೇಡ. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದರು. ನಮ್ಮ ಮನೆಯಲ್ಲಿ ಕೋವಿ ಅಂದರೆ ದೇವರ ಕೋಣೆಯ ದೀಪದ ಹಾಗೆ, ಇದ್ದೇ ಇರುವ ವಸ್ತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಪೂಜೆ ಮುಗಿದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಹದಿನಾರರಲ್ಲಿ ಮೊದಲ ಕಾಯಿ ಒಡೆದವಳು ನಾನು. ಕಲಿಸಿದ್ದು ಸೋದರಮಾವ. ಕಲಿಸಿದ್ದು ಅಂದರೆ, “ನೋಡ್ಕೋ” ಅಂದು ಅವರು ಒಂದು ಸಲ ಹೊಡೆದರು, ಆಮೇಲೆ ನನ್ನ ಕೈಗೆ ಕೊಟ್ಟರು. ಅಷ್ಟೇ ಪಾಠ.

ಕ್ಲಾಸಿಗೆ ಬರೋಣ. ಒಳಗೆ ಒಂದೇ ಒಂದು ನಿಜವಾದ ಗುಂಡೂ ಇರುವಂತಿಲ್ಲ. ಬೆಳಿಗ್ಗೆ ಎಲ್ಲರ ಜೇಬು, ಬ್ಯಾಗು, ಪಿಸ್ತೂಲು ಪರೀಕ್ಷಿಸಿಯೇ ಒಳಗೆ ಬಿಟ್ಟರು. ಪಾಠಕ್ಕೆಲ್ಲ ಡಮ್ಮಿ ತೋಟೆಗಳು. ಒಬ್ಬೊಬ್ಬರಾಗಿ ಎದ್ದು ಒಂದೊಂದು ಭಾಗ ಕಲಿಸಬೇಕು, ಉಳಿದವರು ಏನೂ ಗೊತ್ತಿಲ್ಲದ ಹೊಸಬರ ಹಾಗೆ ನಟಿಸಬೇಕು. ನನಗೆ ಬಂದದ್ದು ಹಿಡಿತ, ಅಂದರೆ ಪಿಸ್ತೂಲನ್ನು ಎರಡೂ ಕೈಯಲ್ಲಿ ಹೇಗೆ ಹಿಡಿಯಬೇಕು ಅನ್ನುವ ಪಾಠ. ನನ್ನ ವಿದ್ಯಾರ್ಥಿಯಾಗಿ ಕೂತವರು ಕೋರ್ಸ್ ನಡೆಸುತ್ತಿದ್ದ ಹಿರಿಯರೇ. ಎಪ್ಪತ್ತರ ಹತ್ತಿರ ಹತ್ತಿರ ವಯಸ್ಸು, ಬೆಳ್ಳಗಿನ ಮೀಸೆ, ನಿಧಾನದ ಮಾತು. ನೋಡಿದರೆ ಯಾರಿಗಾದರೂ ಎದ್ದು ನಿಲ್ಲಬೇಕು ಅನ್ನಿಸುತ್ತದೆ.

ನಾನು ಬಲಗೈ ಎಲ್ಲಿ, ಹೆಬ್ಬೆರಳು ಎಲ್ಲಿ ಅಂತ ಹೇಳುತ್ತಿದ್ದೆ. ಅವರು ಪೆದ್ದು ಪೆದ್ದಾಗಿ ತಲೆಯಾಡಿಸುತ್ತಾ, “ಹೀಗಾ?” ಅಂತ ನನ್ನ ಕಡೆ ತಿರುಗಿದರು. ಪಿಸ್ತೂಲಿನ ನಳಿಗೆಯೂ ಅವರ ಜೊತೆಗೇ ತಿರುಗಿ ನನ್ನ ಹೊಟ್ಟೆಗೆ ನೆಟ್ಟಗೆ ನಿಂತಿತು. ಬೆರಳು ಟ್ರಿಗರ್ ಮೇಲೆ.

ನನಗೆ ಕಾಣಿಸಿತು. ತಪ್ಪು ಅಂತ ಗೊತ್ತಾಯಿತು. ಬಾಯಿ ಮಾತ್ರ ಬರಲಿಲ್ಲ. ಇಷ್ಟು ದೊಡ್ಡವರಿಗೆ ಹೇಗೆ ಗದರೋದು ಅಂತ ಒಂದು ಕ್ಷಣ ಹಿಂಜರಿದು, ಮೆಲ್ಲಗೆ, “ಸರ್, ಸ್ವಲ್ಪ ಆ ಕಡೆ...” ಅಂದೆ.

ಟಕ್ ಅಂತ ಟ್ರಿಗರ್ ಒತ್ತಿದರು. “ನೀನು ಸತ್ತೆ,” ಅಂದರು. ನಗಲಿಲ್ಲ.

ಕೋರ್ಸಿನ ಮೂರು ನಿಯಮಗಳು ಗೋಡೆ ಮೇಲೆಯೇ ಇದ್ದವು. ನಳಿಗೆ ಯಾವಾಗಲೂ ಅಪಾಯವಿಲ್ಲದ ದಿಕ್ಕಿಗೆ ಇರಬೇಕು. ಹೊಡೆಯಲು ಸಿದ್ಧವಾಗುವ ತನಕ ಬೆರಳು ಟ್ರಿಗರ್ ಮುಟ್ಟಬಾರದು. ಬಳಸುವ ತನಕ ಒಳಗೆ ಗುಂಡು ಇರಬಾರದು. ನನಗೆ ಬಾಯಿಪಾಠವಾಗಿದ್ದವು. ಇನ್ನೊಬ್ಬರ ಕೈಯಲ್ಲಿ ಅವು ಮುರಿಯುವಾಗ ತಡೆಯುವುದು ಬೇರೆಯದೇ ವಿದ್ಯೆ ಅಂತ ಆಗಲೇ ಗೊತ್ತಾದದ್ದು. ಮಧ್ಯಾಹ್ನ ಅವರು ನನ್ನಿಂದ ಇಪ್ಪತ್ತು ಸಲ “ಸ್ಟಾಪ್!” ಅಂತ ಕೂಗಿಸಿದರು. ಮೊದಲ ಐದು ಸಲ ನನ್ನ ದನಿ ಕ್ಷಮೆ ಕೇಳುವ ಹಾಗಿತ್ತು.

ಸರ್ಟಿಫಿಕೇಟ್ ಬಂತು. ಅದರಿಂದ ದುಡ್ಡೇನೂ ಸುರಿಯಲಿಲ್ಲ. ಟೆಕ್ಸಾಸ್‌ನ ಹ್ಯಾಂಡ್‌ಗನ್ ಲೈಸೆನ್ಸಿನ ಕ್ಲಾಸ್ ತೆಗೆದುಕೊಳ್ಳಲು ಇದೊಂದೇ ಸಾಲದು, ರಾಜ್ಯದ ಮಾನ್ಯತೆ ಬೇರೆಯೇ ಬೇಕು. 2021ರ ಸೆಪ್ಟೆಂಬರಿನಿಂದ ಇಲ್ಲಿ ಬಹುಪಾಲು ವಯಸ್ಕರಿಗೆ ಪಿಸ್ತೂಲು ಒಯ್ಯಲು ಲೈಸೆನ್ಸೇ ಬೇಡ. ಹಾಗಿರುವಾಗ ಕಲಿಯಲು ಯಾರು ಬರುತ್ತಾರೆ ಅಂತ ನನ್ನ ಗಂಡನ ವಾದ. ಬರುತ್ತಾರೆ. ಹೆಚ್ಚಿನವರು ಹೆಂಗಸರು, ಕೈ ನಡುಗುವವರು, ಗಂಡನ ಹತ್ತಿರ ಕಲಿಯಲು ಹೋಗಿ ಜಗಳವಾಡಿ ಬಂದವರು.

ಕೆಲವರಿಗೆ ಇಲ್ಲ ಅನ್ನಬೇಕಾಗುತ್ತದೆ. ನಮ್ಮ ಕನ್ನಡ ಕೂಟದ ಹುಡುಗನೊಬ್ಬ, ಎಚ್-1ಬಿ ಅನ್ನುವ ತಾತ್ಕಾಲಿಕ ಕೆಲಸದ ವೀಸಾದವನು, “ಅಕ್ಕಾ, ಸುಮ್ನೆ ಒಂದು ಸಲ ಹೊಡೀತೀನಿ” ಅಂತ ಗಂಟುಬಿದ್ದ. ಅಂಥ ವೀಸಾದವರು ಬಂದೂಕು ಕೈಯಲ್ಲಿ ಹಿಡಿಯುವುದಕ್ಕೂ ಇಲ್ಲಿನ ಫೆಡರಲ್ ಕಾನೂನು ಅಡ್ಡ ಬರುತ್ತದೆ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ. ನನ್ನ ಗ್ರೀನ್ ಕಾರ್ಡ್ ಬರುವ ತನಕ ನಾನೂ ಮುಟ್ಟಿರಲಿಲ್ಲ. ಅವನು ಮುನಿಸಿಕೊಂಡ. ಯುಗಾದಿ ಊಟದಲ್ಲಿ ಒಬ್ಬಟ್ಟು ಬಡಿಸಿದ ಮೇಲೆ ಸರಿಹೋದ.

ಆ ಇಪ್ಪತ್ತು “ಸ್ಟಾಪ್” ಕೆಲಸಕ್ಕೆ ಬಂದದ್ದು ಎರಡನೆಯ ಬ್ಯಾಚಿನಲ್ಲಿ. ಕಲಿಯಲು ಬಂದಾಕೆ ಅಗಲ ಕುತ್ತಿಗೆಯ ಟಾಪ್ ಹಾಕಿದ್ದರು. ಕುತ್ತಿಗೆ ಮುಚ್ಚುವ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಹೇಳಲು ನಾನೇ ಮರೆತಿದ್ದೆ. ನಾಲ್ಕನೆಯ ಗುಂಡಿಗೆ ಪಿಸ್ತೂಲಿನಿಂದ ಚಿಮ್ಮಿದ ಖಾಲಿ ತೋಟೆ, ಕಾದ ಹಿತ್ತಾಳೆ, ಸೀದಾ ಅವರ ಎದೆಯೊಳಗೆ ಬಿತ್ತು. ಚೀರಿ, ಕುಣಿದು, ಗುಂಡು ತುಂಬಿದ ಪಿಸ್ತೂಲಿನ ಸಮೇತ ಹಿಂದಕ್ಕೆ ತಿರುಗತೊಡಗಿದರು. ನಾನು ಕೂಗಿದ್ದೂ ಅವರ ಮಣಿಕಟ್ಟು ಹಿಡಿದು ನಳಿಗೆಯನ್ನು ಗುರಿಫಲಕದ ಕಡೆಗೇ ಒತ್ತಿದ್ದೂ ಒಟ್ಟಿಗೇ ಆಯಿತು. ಯಾರಿಗೂ ಏನೂ ಆಗಲಿಲ್ಲ. ಅವರ ಎದೆಯ ಮೇಲೆ ಹುಣಸೆಬೀಜದಷ್ಟು ಕೆಂಪು ಗುಳ್ಳೆ, ಅಷ್ಟೇ. ನನ್ನ ಮೊಣಕಾಲು ಮಾತ್ರ ಅರ್ಧ ಗಂಟೆ ನಡುಗಿತು.

ಹೋದ ಸೆಪ್ಟೆಂಬರ್ 3ಕ್ಕೆ, ಕೈಲ್ ಪೊಳ್ದ್ ದಿನ, ಮಾವ ವಿಡಿಯೋ ಕಾಲ್ ಮಾಡಿದರು. ಹಿಂದೆ ಮಳೆ, ಹಂಚಿನ ಮಾಡು, ಹಂದಿ ಸಾರಿನ ಗಡಿಬಿಡಿ. “ನೋಡು, ತೋಕ್ ಪೂ ಎಷ್ಟು ಚೆನ್ನಾಗಿ ಅರಳಿದೆ” ಅಂತ ಆ ಕೋವಿ ಹೂವನ್ನು ಇಟ್ಟ ಜೋಡುನಳಿಗೆ ಕೋವಿಯನ್ನು ಎತ್ತಿ ಸೀದಾ ಫೋನಿನ ಕಡೆಗೇ ಹಿಡಿದರು. ಪರದೆ ತುಂಬ ಎರಡು ಕಪ್ಪು ತೂತು, ನಡುವೆ ಒಂದು ಕೆಂಪು ಹೂ.

ಹ್ಯೂಸ್ಟನ್ನಿನ ಅಡುಗೆಮನೆಯಲ್ಲಿ ನಾನು ಪಕ್ಕಕ್ಕೆ ಹಾರಿದೆ. ಹಾರುತ್ತಲೇ, “ಮಾವಾ, ನಿಲ್ಲಿಸಿ! ನಳಿಗೆ ಆ ಕಡೆ!” ಅಂತ ಕಿರುಚಿದ್ದೆ.

ಆ ಕಡೆ ಗದ್ದಲವೆಲ್ಲ ಒಮ್ಮೆ ನಿಂತುಹೋಯಿತು. ಎಪ್ಪತ್ತೆಂಟರ ಮಾವ ಕೋವಿಯನ್ನು ಮೆಲ್ಲಗೆ ನೆಲದ ಕಡೆಗೆ ಇಳಿಸಿ, ಮಡಚಿ, ಎರಡೂ ಖಾಲಿ ನಳಿಗೆಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಆಮೇಲೆ ಫೋನಿನ ಹತ್ತಿರ ಮುಖ ತಂದು ಕೇಳಿದರು, “ಈಗ ಸರಿಯಾ, ಟೀಚರ್?”